ಬೆಲೆ ಸೆಕೆಂಡ್ ಹ್ಯಾಂಡ್, ಬಿಲ್ಲು ಫಸ್ಟ್ ಹ್ಯಾಂಡ್

ಕಲ್ಲಡ್ಕದಲ್ಲಿ ಕೆ.ಟಿ. ಕುಡಿಯದೆ ಮುಂದೆ ಹೋದವನನ್ನು ನಮ್ಮ ಕಡೆ ಸ್ವಲ್ಪ ಅನುಮಾನದಿಂದಲೇ ನೋಡ್ತಾರೆ. ಮಂಗಳೂರು ಬಿಟ್ಟು ಬೆಂಗಳೂರಿನ ದಾರಿ ಹಿಡಿದು, ಬಿ.ಸಿ. ರೋಡ್ ಆಗಿ, ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ, ಮೇಲ್ಕಾರ್ ಕಳೆದರೆ ಕಲ್ಲಡ್ಕ. ಅಲ್ಲಿನ ಲಕ್ಷ್ಮೀ ನಿವಾಸದ ಚಹಾವೇ ಕೆ.ಟಿ., ಅಂದ್ರೆ ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಕೆಳಗೆ ಹಾಲು, ಮೇಲೆ ಡಿಕಾಕ್ಷನ್. ಎರಡೂ ಬೆರೆಯದೆ ನಿಂತಿರುತ್ತದೆ. ಚಮಚ ಹಾಕುವ ತನಕ ಅವಸರ ಮಾಡುವಂತಿಲ್ಲ.

ಅವಸರದಲ್ಲಿದ್ದದ್ದು ನನ್ನ ಭಾವ. ಹದಿನೆಂಟು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಬಂದು ಕೂತಿರುವ ಮನುಷ್ಯ. ವಯಸ್ಸು ಐವತ್ತೊಂದು. ಮೂರು ಎಕರೆ ಅಡಿಕೆ ತೋಟ, ಪಿಯುಸಿ ಎರಡನೇ ವರ್ಷದಲ್ಲಿ ಓದುವ ಮಗಳು. ಲೋಟ ಪಕ್ಕಕ್ಕೆ ಸರಿಸಿ ಮೊಬೈಲ್ ನನ್ನ ಮುಂದೆ ಹಿಡಿದರು.

"ನೋಡು ಮಾರಾಯ, ಒಂದು ಗಾಡಿ ಉಂಟು."

ನೋಡಿದೆ. ಕೆಂಪು ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ ಯುರೋಪಿನ ಸ್ಪೋರ್ಟ್ಸ್ ಕಾರು. ಹದಿಮೂರು ವರ್ಷ ಹಳೇದು. ದಿಲ್ಲಿ ನಂಬರ್ ಪ್ಲೇಟು. ಕಂಪನಿಯ ಹೆಸರು ಇಲ್ಲಿ ಬೇಡ.

"ಹೊಸದಿದ್ದಾಗ ಒಂದೂವರೆ ಕೋಟಿ. ಈಗ ಹೊಸ ಫಾರ್ಚೂನರ್‌ಗಿಂತ ಕಡಿಮೆಗೆ ಕೊಡ್ತಾನಂತೆ. ಈಗ ತೆಗೀದೆ ಇನ್ನು ಯಾವಾಗ ತೆಗೀಲಿಕ್ಕೆ? ನೀನು ಇಂಜಿನಿಯರಿಂಗ್ ಓದಿದವ, ಟೀವಿಯಲ್ಲಿ ಲೋಕಕ್ಕೆಲ್ಲ ಬುದ್ಧಿ ಹೇಳ್ತೀಯ. ನನಗೊಂದು ಹೇಳು. ಈಗ ತೆಗೀಬಹುದಾ? ಇನ್ನೂ ಕಾಯ್ಬೇಕಾ?"

"ದುಡ್ಡು ಎಲ್ಲಿಂದ ಭಾವ?" ಅಂತ ಕೇಳಿದೆ. ಮಗಳ ಹೆಸರಿನಲ್ಲಿ ಒಂದು ಡಿಪಾಸಿಟ್ ಇತ್ತು. ಅದು ಸಾಲದಿದ್ದರೆ ತೋಟದ ಮೇಲೆ ಸಾಲ.

ನಗುವ ವಿಷಯ ಅಲ್ಲ ಇದು. ಈ ಮನುಷ್ಯ ಹೈಸ್ಕೂಲಿನಲ್ಲಿ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಇಂಥದ್ದೇ ಕಾರು ಬಿಡಿಸುತ್ತಿದ್ದವರು. ಗಲ್ಫ್‌ನಲ್ಲಿ ಹದಿನೆಂಟು ವರ್ಷ ಇನ್ನೊಬ್ಬರ ಕಾರುಗಳು ಪಕ್ಕದಿಂದ ಹಾದುಹೋಗುವುದನ್ನು ನೋಡಿದವರು. ಆಸೆ ದೊಡ್ಡದು, ಪ್ರಾಮಾಣಿಕವಾದದ್ದು. ಹಾಗಾಗಿ "ಬೇಡ" ಅಂತ ಒಂದೇ ಮಾತಲ್ಲಿ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಒಂದು ವಾರ ಟೈಮ್ ಕೊಡಿ ಅಂದೆ. ನೋಡಿ, ಭಾವನ ಪ್ರಶ್ನೆಗೆ ಅರವತ್ತು ವರ್ಷಗಳ ಇತಿಹಾಸ ಇದೆ. ಆ ಇತಿಹಾಸದ ಒಂದು ತುದಿ ಇಟಲಿಯಲ್ಲಿದ್ದರೆ, ಇನ್ನೊಂದು ತುದಿ ಬೇರೆಲ್ಲೂ ಅಲ್ಲ, ನಮ್ಮದೇ ಬಂಟ್ವಾಳದಲ್ಲಿದೆ.

ಮೊದಲು ಇಟಲಿಗೆ ಹೋಗೋಣ. 1962ರಿಂದ 1964ರ ನಡುವೆ ಫೆರಾರಿ ಕಂಪನಿ 250 ಜಿಟಿಒ ಅಂತ ಒಂದು ಕಾರು ಮಾಡಿತು. ಒಟ್ಟು ತಯಾರಾದದ್ದು 36. ಅಮೆರಿಕದಲ್ಲಿ ಹೊಸದರ ಬೆಲೆ ಸುಮಾರು 18,000 ಡಾಲರ್. ಆದರೆ ಇದು ರೇಸಿಗೆ ಮಾಡಿದ ಕಾರು. ಎರಡು ಮೂರು ವರ್ಷ ಕಳೆದು ಇನ್ನೂ ವೇಗದ ಕಾರುಗಳು ಬಂದ ಮೇಲೆ ಇದನ್ನು ಕೇಳುವವರಿಲ್ಲ. ನಮ್ಮಲ್ಲಿ ಹೊಸ ಮೊಬೈಲ್ ಬಂದ ತಕ್ಷಣ ಹಳೇದು ಡ್ರಾಯರ್ ಸೇರುವ ಹಾಗೆ. ಅಂಥದ್ದೊಂದು ಜಿಟಿಒವನ್ನು ಅದರ ಮಾಲೀಕರು ಅಮೆರಿಕದ ಟೆಕ್ಸಾಸ್‌ನ ಒಂದು ಹೈಸ್ಕೂಲಿಗೆ ದಾನ ಕೊಟ್ಟುಬಿಟ್ಟರು. ಯಾಕೆ? ಮಕ್ಕಳು ಮೆಕ್ಯಾನಿಕ್ ಕೆಲಸ ಕಲಿಯಲಿ ಅಂತ! 1972ರಲ್ಲಿ ಶಾಲೆಯವರು ಅದನ್ನು ಮಾರಿದ್ದು 6,500 ಡಾಲರ್‌ಗೆ. ಕೊಂಡವರು ಅದನ್ನು ವರ್ಷಗಟ್ಟಲೆ ಟ್ರೇಲರ್ ಮೇಲೆ ಬಯಲಲ್ಲೇ ನಿಲ್ಲಿಸಿದ್ದರು.

1977ರಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡ್ರಮ್ಮರ್ ನಿಕ್ ಮೇಸನ್ ಇಂಥದ್ದೇ ಒಂದು ಕಾರನ್ನು ಸುಮಾರು 35,000 ಪೌಂಡ್ ಕೊಟ್ಟು ಕೊಂಡರು. 2018ರಲ್ಲಿ ಅಮೆರಿಕದ ಹರಾಜೊಂದರಲ್ಲಿ ಒಂದು ಜಿಟಿಒ ಮಾರಾಟವಾದದ್ದು 4.84 ಕೋಟಿ ಡಾಲರ್‌ಗೆ. ಸರಿಯಾಗಿ ಓದಿಕೊಳ್ಳಿ, ಅದು ರೂಪಾಯಿ ಅಲ್ಲ, ಡಾಲರ್.

ಈ ಕಥೆ ಕೇಳಿದವರೆಲ್ಲ ಮಾಡುವ ತಪ್ಪು ಒಂದೇ. "ನೋಡಿದ್ರಾ, ಹಳೇ ಸ್ಪೋರ್ಟ್ಸ್ ಕಾರು ಅಂದ್ರೆ ಬಂಗಾರ!" ಅಂತಾರೆ. ಅಲ್ಲ ಸ್ವಾಮಿ. ಮೇಸನ್ ಆ ಕಾರನ್ನು ಕೊಂಡದ್ದು ಓಡಿಸಲಿಕ್ಕೆ. ರೇಸಿಗೆ ಇಳಿಸಿದರು, ಈಗಲೂ ಇಟ್ಟುಕೊಂಡಿದ್ದಾರೆ. ಲಾಭಕ್ಕೆ ಅಂತ ಕೊಂಡವರ ಕಥೆ ಬೇರೆಯೇ ಇದೆ. ಅದು 1988ರದ್ದು.

ಆ ವರ್ಷದ ಆಗಸ್ಟ್‌ನಲ್ಲಿ ಎಂಜೊ ಫೆರಾರಿ ತೀರಿಕೊಂಡರು. ಇನ್ನು ಅಸಲಿ ಫೆರಾರಿ ಸಿಗುವುದಿಲ್ಲ ಅನ್ನುವ ಗಾಳಿ ಎದ್ದಿತು. ಜಪಾನಿನಲ್ಲಿ ಆಗ ಭೂಮಿ, ಷೇರು ಎಲ್ಲದರ ಬೆಲೆಯೂ ಆಕಾಶದಲ್ಲಿ. ಆ ದುಡ್ಡು ಕಾರಿಗೂ ಹರಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಮೋಟಾರ್ ಶೋನಲ್ಲಿ ಜಾಗ್ವಾರ್ ಕಂಪನಿ ಎಕ್ಸ್‌ಜೆ220 ಕಾರನ್ನು ತೋರಿಸಿತು. ಹನ್ನೆರಡು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಶಕ್ತಿ. 50,000 ಪೌಂಡ್ ಮುಂಗಡ ಕೊಟ್ಟು ಜನ ಕ್ಯೂ ನಿಂತರು. ಆ ಸಾಲಿನಲ್ಲಿ ಕಾರು ಓಡಿಸುವ ಆಸೆ ಇದ್ದವರಿಗಿಂತ ಮುಂಗಡದ ಚೀಟಿಯನ್ನೇ ಲಾಭಕ್ಕೆ ಮಾರುವ ಲೆಕ್ಕ ಹಾಕಿದವರು ಕಡಿಮೆ ಇರಲಿಲ್ಲ.

ಕಾರು ಕೈಗೆ ಬಂದದ್ದು 1992ರಲ್ಲಿ. ಅಷ್ಟೊತ್ತಿಗೆ ಹನ್ನೆರಡು ಸಿಲಿಂಡರ್ ಆರಾಗಿತ್ತು, ನಾಲ್ಕು ಚಕ್ರದ ಶಕ್ತಿ ಎರಡಕ್ಕಿಳಿದಿತ್ತು, ಬೆಲೆ ಮಾತ್ರ 4,70,000 ಪೌಂಡ್ ಆಗಿತ್ತು. ಜಪಾನಿನ ಗುಳ್ಳೆ ಒಡೆದಿತ್ತು. ಇಂಗ್ಲೆಂಡಿನಲ್ಲೂ ಆರ್ಥಿಕ ಹಿಂಜರಿತ. ಮುಂಗಡ ಕೊಟ್ಟವರು ಈಗ ಕಾರು ಬೇಡ ಅಂತ ಕೋರ್ಟ್ ಮೆಟ್ಟಿಲು ಹತ್ತಿದರು! 350 ಕಾರು ಮಾಡುವ ಯೋಜನೆ ಸುಮಾರು 280ಕ್ಕೆ ನಿಂತಿತು. ಮೊನ್ನೆ ತನಕ ಚಿನ್ನ ಅಂದದ್ದನ್ನು ಈಗ ಯಾರಾದರೂ ಕೊಂಡೊಯ್ದರೆ ಸಾಕು ಅನ್ನುವ ಸ್ಥಿತಿ.

ಹಾಗಾದರೆ ಇತಿಹಾಸದ ಮೊದಲ ಪಾಠ ಏನು? ಎಲ್ಲರೂ "ಈಗಲೇ ತಗೋ" ಅನ್ನುವಾಗ ಅದು ಕೊಳ್ಳುವ ಸಮಯ ಅಲ್ಲ. ಯಾರೂ ತಿರುಗಿ ನೋಡದಿದ್ದಾಗಲೇ ಒಳ್ಳೆಯ ಬೆಲೆ. ಭಾವನೂ ಇದನ್ನೇ ಹೇಳ್ತಿದ್ದಾರಲ್ಲ, ಬೆಲೆ ತಳ ಮುಟ್ಟಿದೆ ಅಂತ? ತಾಳಿ. ಕಥೆ ಇನ್ನೂ ಭಾರತಕ್ಕೆ ಬಂದಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆಯೇ ಹೊಸದು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ವಿದೇಶಿ ಕಾರು ಬೇಕಾದರೆ ದಾರಿಗಳು ಬಹಳ ಕಡಿಮೆ. ರಾಜಮನೆತನದವರು ಮಾರಿದ್ದು, ಇಲ್ಲವೇ ರಾಯಭಾರ ಕಚೇರಿಯವರು ಬಳಸಿ ಬಿಟ್ಟದ್ದು. ಆ ರಾಯಭಾರಿಗಳ ಕಾರುಗಳನ್ನು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಟೆಂಡರ್ ಕರೆದು ಮಾರುತ್ತಿತ್ತು. ಅಂದ್ರೆ ಆ ಕಾಲದಲ್ಲಿ "ಯಾವಾಗ ಕೊಳ್ಳಲಿ" ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು ಮಾರುಕಟ್ಟೆ ಅಲ್ಲ, ಸರ್ಕಾರ. 2001ರಲ್ಲಿ ಆಮದಿನ ಬಾಗಿಲು ತೆರೆಯಿತು. ಆದರೆ ಬಳಸಿದ ಕಾರಿಗೆ ಷರತ್ತುಗಳು ಬಿಗಿಯಾಗಿಯೇ ಉಳಿದವು. ಮೂರು ವರ್ಷಕ್ಕಿಂತ ಹಳೇದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು, ಮೇಲೆ ಭಾರೀ ಸುಂಕ.

ಭಾವನಿಗೆ ಮೊದಲು ದುಬೈನಿಂದ ಅಗ್ಗದ ಕಾರು ತರಿಸುವ ಐಡಿಯಾ ಇತ್ತು. ಅಲ್ಲಿ ಸ್ಟೀರಿಂಗ್ ಎಡಗಡೆ. ಐಡಿಯಾ ಅಲ್ಲಿಗೇ ಮುಗಿಯಿತು.

ಸುಂಕದ ತೂಕ ಎಷ್ಟು ಅಂತ ಇಡೀ ದೇಶಕ್ಕೆ ಗೊತ್ತಾದದ್ದು ಸಚಿನ್ ತೆಂಡೂಲ್ಕರ್ ಅವರ ಕಾರಿನಿಂದ. ಬ್ರಾಡ್ಮನ್ ಅವರ 29 ಶತಕಗಳ ಸಾಧನೆಯನ್ನು ಸಚಿನ್ ಸರಿಗಟ್ಟಿದ್ದಕ್ಕೆ 2002ರಲ್ಲಿ ಫಿಯಟ್ ಕಂಪನಿ ಫೆರಾರಿ 360 ಮೊಡೆನಾ ಕೊಟ್ಟಿತು. ಕೈಗಿತ್ತವರು ಮೈಕೆಲ್ ಶುಮಾಕರ್. ಕಾರು ಉಚಿತ, ಆದರೆ ಸುಂಕ ಸುಮಾರು 1.13 ಕೋಟಿ ರೂಪಾಯಿ! ಸರ್ಕಾರ ಅದನ್ನು ಮನ್ನಾ ಮಾಡಲು ಹೊರಟಿತು, ವಿವಾದವಾಯಿತು, ವಿಷಯ ದಿಲ್ಲಿ ಹೈಕೋರ್ಟಿಗೆ ಹೋಯಿತು, ಕೊನೆಗೆ ಫಿಯಟ್ ಕಂಪನಿಯೇ ಹಣ ಕಟ್ಟಿತು. 2011ರಲ್ಲಿ ಸಚಿನ್ ಆ ಕಾರನ್ನು ಸೂರತ್‌ನ ಉದ್ಯಮಿಯೊಬ್ಬರಿಗೆ ಮಾರಿದರು. ಪುಕ್ಕಟೆ ಬಂದ ಕಾರಿಗೂ ಒಬ್ಬರು ಬಿಲ್ಲು ಕಟ್ಟಲೇಬೇಕಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಬಂಟ್ವಾಳಕ್ಕೆ ಬರೋಣ. ಭಾವನ ಮನೆಯಿಂದ ಬಂಟ್ವಾಳ ಪೇಟೆಗೆ ಅರ್ಧ ಗಂಟೆಯ ದಾರಿ. ಮಲ್ಯ ಕುಟುಂಬದ ಮೂಲ ಅದೇ ಊರು. ವಿಠಲ ಮಲ್ಯ ಮದ್ಯದ ಉದ್ಯಮ ಕಟ್ಟಿದರು, 1983ರಲ್ಲಿ ತೀರಿಕೊಂಡರು. ಮಗ ವಿಜಯ್ ಮಲ್ಯ ಆ ಸಾಮ್ರಾಜ್ಯವನ್ನು ವಿಮಾನದ ತನಕ, ಫಾರ್ಮುಲಾ ಒನ್ ತಂಡದ ತನಕ ಬೆಳೆಸಿದರು. ಸ್ವತಃ ರೇಸ್ ಕಾರು ಓಡಿಸಿದವರು, ಹಳೆಯ ಕಾರುಗಳ ದೊಡ್ಡ ಸಂಗ್ರಹ ಇದ್ದವರು. ಕಾರಿನ ಹುಚ್ಚು ಏನು ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ಅವರಿಗೆ.

2016ರ ಮಾರ್ಚ್‌ನಲ್ಲಿ ಅವರು ದೇಶ ಬಿಟ್ಟರು. ಸಾಲದ ಕಥೆ ನಿಮಗೆ ಗೊತ್ತು, ನಾವೇ ಸಾವಿರ ಸಲ ತೋರಿಸಿದ್ದೇವೆ. ನಾನು ಹೇಳಬೇಕಾದದ್ದು ಆ ಮೇಲೆ ಕಾರುಗಳಿಗೆ ಏನಾಯಿತು ಅನ್ನುವುದು. 2017ರ ಜನವರಿಯಲ್ಲಿ, ಬ್ಯಾಂಕುಗಳು ನಡೆಸಿದ ಹರಾಜಿನಲ್ಲಿ ಹುಬ್ಬಳ್ಳಿಯ ಉದ್ಯಮಿಯೊಬ್ಬರು ಮಲ್ಯರಿಗೆ ಸೇರಿದ್ದ ಎರಡು ಸೆಡಾನ್‌ಗಳನ್ನು ಕೊಂಡರು. ಎರಡಕ್ಕೂ ಸೇರಿ ಕೊಟ್ಟದ್ದು 1.4 ಲಕ್ಷ ರೂಪಾಯಿ. ಒಂದೊಳ್ಳೆ ಬೈಕಿನ ದುಡ್ಡಿಗೆ ಎರಡು ಕಾರು!

ಮರುವರ್ಷ, 2018ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ನ್ಯಾಯಾಲಯ ಅವರ ಆರು ಕಾರುಗಳ ಮಾರಾಟಕ್ಕೆ ಒಪ್ಪಿತು. ಸಾಲ ಕೊಟ್ಟ ಭಾರತದ ಬ್ಯಾಂಕುಗಳ ಲೆಕ್ಕಕ್ಕೆ. ಒಟ್ಟು 4,04,000 ಪೌಂಡ್‌ಗಿಂತ ಕಡಿಮೆಗೆ ಮಾರಬಾರದು ಅನ್ನುವ ಷರತ್ತು. ಆ ಆರರಲ್ಲಿ ಎರಡು ಫೆರಾರಿ. ಒಂದು ಎಫ್430 ಸ್ಪೈಡರ್, ಇನ್ನೊಂದು ಎಫ್512 ಎಂ. ಈ ಎರಡನೆಯದು 1994ರಿಂದ 1996ರ ತನಕ ತಯಾರಾದದ್ದು, ಒಟ್ಟು 501 ಮಾತ್ರ. ಸಂಗ್ರಾಹಕರು ಹುಡುಕಿಕೊಂಡು ಹೋಗುವ ಕಾರು. ಅಂದ್ರೆ ಕಾರಿನ ಆಯ್ಕೆಯಲ್ಲಿ ಮಲ್ಯ ತಪ್ಪಿರಲಿಲ್ಲ. ಕೊಂಡವನ ಲೆಕ್ಕ ತಪ್ಪಿದರೆ ಎಷ್ಟೇ ಸರಿಯಾದ ಕಾರೂ ಬೇರೆಯವರ ಮನೆ ಸೇರುತ್ತದೆ.

ಹುಬ್ಬಳ್ಳಿಯ ಆ ಉದ್ಯಮಿಗೆ ಅದು ಕೊಳ್ಳುವ ಸಮಯ. ಮಲ್ಯರಿಗೆ ಅದೇ ಕಳೆದುಕೊಳ್ಳುವ ಸಮಯ. ಕ್ಯಾಲೆಂಡರ್ ಒಂದೇ. ಜೇಬು ಬೇರೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಮಲ್ಯರ ಸುದ್ದಿ ದಿನಕ್ಕೆ ನಾಲ್ಕು ಬುಲೆಟಿನ್ ಓಡುತ್ತಿದ್ದ ಆ ಕಾಲದಲ್ಲಿ ನಾನೂ ಒಂದು ಕಾರು ಕೊಂಡಿದ್ದೆ. ಸ್ಪೋರ್ಟ್ಸ್ ಕಾರಲ್ಲ, ಎಂಟು ವರ್ಷ ಹಳೆಯ ವಿದೇಶಿ ಸೆಡಾನ್. ಹೊಸ ಸಣ್ಣ ಕಾರಿನ ಬೆಲೆಗೆ ಸಿಕ್ಕಿತು ಅಂತ ಕುಣಿದಿದ್ದೆ. ಅದೂ ಸಾಲ ಮಾಡಿ. ಏಳನೇ ತಿಂಗಳು ಗೇರ್‌ಬಾಕ್ಸ್ ಹೋಯಿತು. ಎಸ್ಟಿಮೇಟ್ ನೋಡಿದೆ. ಕಾರಿಗೆ ಕೊಟ್ಟ ದುಡ್ಡಿನ ಅರ್ಧದಷ್ಟು. ಆರು ವಾರ ಕಾರು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕವರ್ ಹೊದ್ದು ನಿಂತಿತ್ತು. ಸಂಜೆ ಸ್ಟುಡಿಯೊದಲ್ಲಿ ಕೋಟು ಹಾಕಿಕೊಂಡು ದೊಡ್ಡವರ ಸಾಲದ ಲೆಕ್ಕ ಕೇಳುತ್ತಿದ್ದೆ, ರಾತ್ರಿ ಮನೆಗೆ ಬಂದರೆ ನನ್ನ ಸಾಲ ಪಿಲ್ಲರ್ ಪಕ್ಕದಲ್ಲಿ ನಿಂತಿರುತ್ತಿತ್ತು. ಕೊನೆಗೆ ರಿಪೇರಿ ಮಾಡಿಸದೆಯೇ ಕೊಟ್ಟುಬಿಟ್ಟೆ. ಕಾರು ಹೋದ ಮೇಲೂ ಹನ್ನೊಂದು ತಿಂಗಳು ಕಂತು ಕಟ್ಟಿದ್ದೇನೆ. ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿ ಇತ್ತು.

ಯಾಕೆ ಹೀಗಾಗುತ್ತೆ? ಇಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಬಾತ್‌ಟಬ್ ಕರ್ವ್ ಅಂತ ಒಂದು ಪಾಠ ಇತ್ತು. ಯಾವುದೇ ಯಂತ್ರ ತೆಗೆದುಕೊಳ್ಳಿ, ಹೊಸದರಲ್ಲಿ ಒಂದಿಷ್ಟು ತೊಂದರೆ ಕೊಡುತ್ತದೆ. ಆಮೇಲೆ ಹಲವು ವರ್ಷ ಸುಮ್ಮನಿರುತ್ತದೆ. ವಯಸ್ಸಾದ ಮೇಲೆ ಮತ್ತೆ ಒಂದೊಂದಾಗಿ ಕೈಕೊಡುತ್ತದೆ. ಗ್ರಾಫ್ ಬಿಡಿಸಿದರೆ ಸ್ನಾನದ ತೊಟ್ಟಿಯ ಆಕಾರ. ಬೆಲೆಯ ಗ್ರಾಫ್ ಬೇರೆ. ಶುರುವಿನ ವರ್ಷಗಳಲ್ಲಿ ಧಡಾರ್ ಅಂತ ಇಳಿಯುತ್ತದೆ, ಆಮೇಲೆ ನಿಧಾನ, ಕೊನೆಗೆ ತಳದಲ್ಲಿ ನಿಲ್ಲುತ್ತದೆ. ಅಪರೂಪದ ಕಾರಾದರೆ ಮತ್ತೆ ಏರುತ್ತದೆ, ಇಲ್ಲದಿದ್ದರೆ ಅಲ್ಲೇ ಮಲಗುತ್ತದೆ.

ಎರಡೂ ಗ್ರಾಫನ್ನು ಒಂದರ ಮೇಲೊಂದು ಇಟ್ಟು ನೋಡಿ. ಬೆಲೆ ತಳ ಮುಟ್ಟುವ ವಯಸ್ಸು, ಯಂತ್ರದ ಕಾಯಿಲೆ ಏಳುವ ವಯಸ್ಸು, ಎರಡೂ ಹೆಚ್ಚುಕಮ್ಮಿ ಒಂದೇ! ಬೆಲೆ ಇಳಿದಿರುವುದಕ್ಕೆ ಅದೂ ಒಂದು ಕಾರಣ. ಮಾರುವವನಿಗೆ ಗೊತ್ತು, ದೊಡ್ಡ ಸರ್ವಿಸ್ ಹತ್ತಿರ ಬಂತು ಅಂತ. ಕೊಳ್ಳುವವನಿಗೆ ಕಾಣುವುದು ಕೆಂಪು ಬಣ್ಣ.

ಮಲ್ಯರ ಆ ಎಫ್512 ಎಂ ಕಾರನ್ನೇ ತೆಗೆದುಕೊಳ್ಳಿ. ಅದು ಟೆಸ್ಟರೋಸಾ ವಂಶದ ಕೊನೆಯ ಕುಡಿ. ಆ ವಂಶದ ಕಾರುಗಳಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಇಡೀ ಇಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟ್ ಅಂದ್ರೆ ರಬ್ಬರು. ಕಾರು ಓಡಲಿ, ಓಡದಿರಲಿ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಬದಲಿಸದೆ ಅದು ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಇಂಜಿನ್ ಮುಗಿಯಿತು. ಸಚಿನ್ ಅವರ 360 ಮೊಡೆನಾ ಇದರಲ್ಲಿ ಸ್ವಲ್ಪ ವಾಸಿ. ಸೀಟಿನ ಹಿಂದಿನ ಮುಚ್ಚಳ ತೆಗೆದು ಬೆಲ್ಟ್ ಬದಲಿಸಬಹುದು, ಇಂಜಿನ್ ಇಳಿಸಬೇಕಾಗಿಲ್ಲ. ಒಂದೇ ಕಂಪನಿ, ಆದರೆ ಬಿಲ್ಲಿನಲ್ಲಿ ಅಜಗಜಾಂತರ.

ಇನ್ನೊಂದು ಉದಾಹರಣೆ ಸಾಕು. ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಮಿಸ್ಟರ್ ಬೀನ್, ನಟ ರೋವನ್ ಅಟ್ಕಿನ್ಸನ್, 1997ರಲ್ಲಿ ಮೆಕ್‌ಲಾರೆನ್ ಎಫ್1 ಕೊಂಡರು. 2011ರಲ್ಲಿ ಅದು ಮರಕ್ಕೆ ಗುದ್ದಿತು. ರಿಪೇರಿಗೆ ವಿಮೆ ಕಂಪನಿ ಕೊಟ್ಟದ್ದು ಸುಮಾರು 9,10,000 ಪೌಂಡ್. ಅವರು ಕಾರನ್ನು ಕೊಂಡ ಬೆಲೆಗಿಂತ ರಿಪೇರಿ ಬಿಲ್ಲೇ ಜಾಸ್ತಿ! 2015ರಲ್ಲಿ ಅದೇ ಕಾರನ್ನು ಸುಮಾರು 80 ಲಕ್ಷ ಪೌಂಡ್‌ಗೆ ಮಾರಿದರು ಅನ್ನುವುದು ನಿಜ. ಆದರೆ ನಡುವಿನ ಆ ಬಿಲ್ಲು ಕಟ್ಟುವ ತಾಕತ್ತು, ವಿಮೆಯ ತಾಕತ್ತು ಇಲ್ಲದವನು 2015ರ ತನಕ ಬದುಕಿ ಬರುತ್ತಿರಲಿಲ್ಲ.

ವಿಷಯ ಇಷ್ಟೇ. ಕಾರಿನ ಬೆಲೆ ಸೆಕೆಂಡ್ ಹ್ಯಾಂಡ್ ಆಗಬಹುದು, ಅದರ ಬಿಲ್ಲು ಯಾವತ್ತೂ ಫಸ್ಟ್ ಹ್ಯಾಂಡ್. ಒಂದೂವರೆ ಕೋಟಿಯ ಕಾರು ನಲವತ್ತು ಲಕ್ಷಕ್ಕಿಳಿದರೂ ಅದರ ಬ್ರೇಕು, ಕ್ಲಚ್ಚು, ಬಂಪರ್ ಎಲ್ಲ ಒಂದೂವರೆ ಕೋಟಿಯ ಕಾರಿನದ್ದೇ.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಬಿಲ್ಲು ಸೇರುತ್ತದೆ. ಅದು ತೆರಿಗೆ. ನಮ್ಮಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಜೀವಿತಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ದೇಶದಲ್ಲೇ ಹೆಚ್ಚು ಅನ್ನುವ ಸಾಲಿನಲ್ಲಿ ನಾವಿದ್ದೇವೆ. ಅದಕ್ಕೇ ಬೆಂಗಳೂರಿನ ರಸ್ತೆಯಲ್ಲಿ ಪುದುಚೇರಿ, ಮಹಾರಾಷ್ಟ್ರ ನಂಬರಿನ ಸೂಪರ್ ಕಾರುಗಳು ಅಷ್ಟೊಂದು ಕಾಣುವುದು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ ಇಂಥ ಸುಮಾರು 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯ ಮಾಲೀಕರು ಕಟ್ಟಬೇಕಾಗಿ ಬಂದ ತೆರಿಗೆ 1.41 ಕೋಟಿ ರೂಪಾಯಿ. ಅದೇ ತಿಂಗಳು, ಅಮಿತಾಭ್ ಬಚ್ಚನ್ ಮತ್ತು ಆಮಿರ್ ಖಾನ್ ಬಳಿ ಇದ್ದ ಎರಡು ರೋಲ್ಸ್ ರಾಯ್ಸ್ ಕಾರುಗಳನ್ನು ಕೊಂಡಿದ್ದ ಬೆಂಗಳೂರಿನ ಉದ್ಯಮಿಯೊಬ್ಬರು ಕಟ್ಟಿದ್ದು 38 ಲಕ್ಷ ದಾಟಿತು. ಕಾರು ಕೊಂಡದ್ದು ಯಾವತ್ತೋ, ಬಿಲ್ಲು ಬಂದದ್ದು ಆಮೇಲೆ.

ಭಾವನ ಕೆಂಪು ಕಾರು ಅಗ್ಗಕ್ಕೆ ಯಾಕೆ ಸಿಗುತ್ತಿತ್ತು ಅನ್ನುವುದೂ ಇಲ್ಲೇ ಇದೆ. ಅದು ದಿಲ್ಲಿ ಕಾರು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನ ಓಡಬಾರದು ಅಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ವಯಸ್ಸು ಹತ್ತಿರ ಬಂದ ದಿಲ್ಲಿಯ ದುಬಾರಿ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದುಬರುತ್ತಿವೆ. ಇಲ್ಲಿಗೆ ತಂದರೆ ಕಾರಿನ ವಯಸ್ಸಿಗೆ ತಕ್ಕಂತೆ ಕಡಿಮೆಯಾದರೂ ತೆರಿಗೆ ಕಟ್ಟಲೇಬೇಕು. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. 2022ರಿಂದ ಆಮದು ಕಾರಿಗೆ ಅದರ ಶುಲ್ಕವೇ 40,000 ರೂಪಾಯಿ ಆಗಿತ್ತು.

ಇನ್ನು ನಮ್ಮೂರಿನ ವಿಚಾರ. ಕರಾವಳಿಯ ಮಳೆ, ಕರಾವಳಿಯ ಉಬ್ಬೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಚ್ಚಿಟ್ಟ ಕಾರಿನ ಲೆದರ್ ಸೀಟಿಗೆ ಬೂಸ್ಟು ಬರುತ್ತದೆ, ವೈರಿಂಗ್ ಮೇಲೆ ಇಲಿಗೆ ಕಣ್ಣು. ಕಲ್ಲಡ್ಕದಲ್ಲಿ ಮೇಲ್ಸೇತುವೆ ಕಾಮಗಾರಿ ನಡೆದ ವರ್ಷಗಳಲ್ಲಿ ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ಜೀಪೇ ಒದ್ದಾಡಿದ ದಾರಿ ಅದು. ಮುಂದೆ ಶಿರಾಡಿ ಘಾಟಿ. ನೆಲದಿಂದ ನಾಲ್ಕೈದು ಇಂಚು ಎತ್ತರದ ಕಾರು, ಹಂಪಿಗೊಂದು ಹೊಂಡ, ಹೊಂಡಕ್ಕೊಂದು ಬಂಪರ್!

ಇಷ್ಟೆಲ್ಲ ಹೇಳಿದ ಮೇಲೆ, ಹಳೇ ಕಾರು ಕೊಳ್ಳಲೇಬಾರದು ಅಂತೀರಾ ಅಂತ ನೀವು ಕೇಳಬಹುದು. ಖಂಡಿತ ಇಲ್ಲ. ಹಾಗಾದರೆ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳಕ್ಕೆ ಹೋಗಿ ಬನ್ನಿ. ಅಲ್ಲಿ ವೀರೇಂದ್ರ ಹೆಗ್ಗಡೆಯವರು ಜೋಡಿಸಿದ ಹಳೆಯ ಕಾರುಗಳ ಸಂಗ್ರಹಾಲಯ ಇದೆ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ ಅವರದ್ದೇ 'ಪಯಣ' ಕಾರು ಸಂಗ್ರಹಾಲಯವೂ ಶುರುವಾಯಿತು. ಆ ಕಾರುಗಳು ಇವತ್ತು ನಮ್ಮ ಕಣ್ಣಿಗೆ ಬೀಳುತ್ತಿರುವುದು ಯಾರೋ ಒಬ್ಬರು ಅಗ್ಗಕ್ಕೆ ಕೊಂಡರು ಅನ್ನುವ ಕಾರಣಕ್ಕಲ್ಲ. ಕೊಂಡ ಮೇಲೆ ವರ್ಷವರ್ಷವೂ ಒರೆಸಿ, ಎಣ್ಣೆ ಹಾಕಿ ನೋಡಿಕೊಂಡರು ಅನ್ನುವ ಕಾರಣಕ್ಕೆ. ನೋಡಿಕೊಳ್ಳುವವನು ಇದ್ದರೆ ಹಳೇ ಕಾರು ಉಳಿಯುತ್ತದೆ. ಇಲ್ಲದಿದ್ದರೆ ಗುಜರಿ.

ಒಂದು ವಾರ ಬಿಟ್ಟು ಮತ್ತೆ ಕಲ್ಲಡ್ಕಕ್ಕೆ ಹೋದೆ. ಅದೇ ಮೇಜು, ಅದೇ ಕೆ.ಟಿ. ನಾನು ಮೂರು ಪ್ರಶ್ನೆ ಇಟ್ಟೆ.

"ಭಾವ, ಒಂದು. ಈ ಕಾರಿನ ದೊಡ್ಡ ಸರ್ವಿಸ್ ಯಾವಾಗ ಆಗಿದೆ, ಬಿಲ್ಲು ಉಂಟಾ? ಎರಡು. ಕಾರಿನ ಬೆಲೆಯ ಮೂರನೇ ಒಂದು ಪಾಲು ದುಡ್ಡು, ಕಾರು ಕೊಂಡ ಮೇಲೂ ಬ್ಯಾಂಕಿನಲ್ಲಿ ಬೇರೆಯೇ ಉಳಿಯುತ್ತದಾ? ಮೂರು. ನಾಳೆ ಬೆಳಿಗ್ಗೆ ಈ ಕಾರು ಸೊನ್ನೆ ಆಯ್ತು ಅಂತ ಇಟ್ಟುಕೊಳ್ಳಿ. ಮಗಳ ಕಾಲೇಜಿಗೆ ತೊಂದರೆ ಆಗ್ತದಾ?"

ಭಾವ ತುಂಬಾ ಹೊತ್ತು ಮಾತಾಡಲಿಲ್ಲ. ಮೊದಲನೆಯದಕ್ಕೆ ಮಾರುವವನಿಗೇ ಫೋನ್ ಮಾಡಿದರು. "ಎಲ್ಲ ಓಕೆ ಇದೆ ಸರ್" ಅಂದ ಅವನು. ಬಿಲ್ಲು ಮಾತ್ರ ಕಳಿಸಲಿಲ್ಲ. ಎರಡನೆಯದಕ್ಕೆ ತಲೆ ಅಲ್ಲಾಡಿಸಿದರು. ಮೂರನೆಯದಕ್ಕೆ ಉತ್ತರ ಹೇಳುವ ಬದಲು, "ಅವಳಿಗೆ ಸೀಇಟಿ ಕೋಚಿಂಗಿಗೆ ಫೀಸ್ ಕಟ್ಲಿಕ್ಕುಂಟು" ಅಂದರು. ಅಷ್ಟೇ. ಆ ಕಾರು ಯಾರಿಗೋ ಹೋಯಿತು. ಅವತ್ತು ಭಾವ ನನ್ನ ಮೇಲೆ ಸ್ವಲ್ಪ ಸಿಟ್ಟಿನಲ್ಲೇ ಇದ್ದರು. ಬಿಲ್ಲು ಕೊಡಲಿಕ್ಕೂ ನನಗೆ ಬಿಡಲಿಲ್ಲ.

ಇದಾಗಿ ಹದಿನಾಲ್ಕು ತಿಂಗಳ ಮೇಲೆ, ಮೊನ್ನೆ ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದರೆ ಅವರ ಮೂರು ಮಿಸ್ಡ್ ಕಾಲ್. ಎದೆ ಧಸಕ್ಕೆಂದಿತು. ವಾಪಸ್ ಮಾಡಿದೆ.

"ಮಾರಾಯ, ಆ ಕೆಂಪು ಗಾಡಿ ಮತ್ತೆ ಮಾರಾಟಕ್ಕೆ ಬಂದಿದೆ. ತೆಗೊಂಡವ ಇಂಜಿನ್ ಕೆಲಸ ಮಾಡಿಸಿ ಸುಸ್ತಾಗಿದ್ದಾನೆ. ಕರ್ನಾಟಕದ ತೆರಿಗೆ ಅವನೇ ಕಟ್ಟಿದ್ದಾನೆ. ಈಗ ಕೇಳುದು ಕಳೆದ ಸಲಕ್ಕಿಂತ ಮೂರು ಲಕ್ಷ ಜಾಸ್ತಿ."

"ಜಾಸ್ತಿನಾ? ಮತ್ತೆ ದುಡ್ಡು?"

"ಮಗಳ ಡಿಪಾಸಿಟ್ ಮುಟ್ಟಲಿಲ್ಲ. ಅವಳು ಸುರತ್ಕಲ್‌ನಲ್ಲಿ ಸೇರಿ ಆಯ್ತಲ್ಲ. ಮಂಗಳೂರಿನ ಸೈಟು ಮಾರಿದ್ದು ಉಂಟು. ತೋಟಕ್ಕೆ ಕೈ ಹಾಕುದಿಲ್ಲ. ನೀನು ಹೇಳಿದ ಮೂರನೇ ಒಂದು ಪಾಲೂ ಬೇರೆ ಇಟ್ಟಿದ್ದೇನೆ."

ಕಳೆದ ಸಲ ಕಡಿಮೆ ಬೆಲೆಗೆ ಬೇಡ ಅಂದ ನಾನು ಈ ಸಲ ಹೆಚ್ಚು ಬೆಲೆಗೆ ಏನು ಹೇಳಬೇಕು? ಅವತ್ತು ಬೆಲ್ಟಿನ ಬಿಲ್ಲು, ತೆರಿಗೆಯ ಬಿಲ್ಲು ಎರಡೂ ಭಾವನ ತಲೆ ಮೇಲಿದ್ದವು. ಇವತ್ತು ಅವೆರಡನ್ನೂ ಬೇರೊಬ್ಬ ಕಟ್ಟಿ ಆಗಿದೆ. ಆ ಲೆಕ್ಕದಲ್ಲಿ ಮೂರು ಲಕ್ಷ ಹೆಚ್ಚು ಕೊಟ್ಟರೂ ಕಾರು ಅಗ್ಗವೇ. ಕಾರು ಅದೇ, ಕೆಂಪು ಅದೇ. ಬದಲಾದದ್ದು ಕೊಳ್ಳುವವರ ಲೆಕ್ಕ.

"ಬಿಲ್ಲುಗಳ ಫೋಟೊ ಕಳಿಸಿ ಭಾವ," ಅಂದೆ. "ಭಾನುವಾರ ಒಬ್ಬ ಒಳ್ಳೆ ಮೆಕ್ಯಾನಿಕ್ಕನ್ನು ಕರ್ಕೊಂಡು ಬರ್ತೇನೆ. ಅವನು ನೋಡಿ ಹೂಂ ಅನ್ನುವ ತನಕ ಅಡ್ವಾನ್ಸ್ ಕೊಡ್ಬೇಡಿ."

ಆ ಕಡೆಯಿಂದ ನಗು ಕೇಳಿಸಿತು. ಐವತ್ತೆರಡರ ಮನುಷ್ಯ ಹೈಸ್ಕೂಲು ಹುಡುಗನ ಹಾಗೆ ನಕ್ಕದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.